ದಪ್ಪ ಮೆಣಸಿನಕಾಯಿಯ ಬೀಜ ಬಿತ್ತಿದರೆ ಖಾರದ ಕಾಯಿ ಬಿಡುತ್ತಿದೆ, ಏಕೆ?

ಪ್ರಶ್ನೆ:
ದಪ್ಪ ಮೆಣಸಿನಕಾಯಿ ಗಿಡದ ಪಕ್ಕದಲ್ಲೇ ಖಾರದ ಮೆಣಸಿನ ಗಿಡಗಳಿವೆ. ಕಳೆದ ಬಾರಿ ಕಾಯಿ ಸಿಹಿಯಾಗಿಯೇ ಇತ್ತು. ಅದರದ್ದೇ ಬೀಜದಿಂದ ಎದ್ದ ಮೂರು ಗಿಡಗಳಲ್ಲಿ ಈಗ ಸಣ್ಣ, ಖಾರದ ಕಾಯಿ. ಹೂವಿನಲ್ಲಿ ಗಂಡು, ಹೆಣ್ಣು ಭಾಗ ಎರಡೂ ಇರುವಾಗ ಸ್ವಕೀಯ ಪರಾಗಸ್ಪರ್ಶವೇ ಆಗಬೇಕಲ್ಲವೇ? ಬೀಜ ಬೆರಕೆಯಾಗದಂತೆ ಉಳಿಸಿಕೊಳ್ಳುವುದು ಹೇಗೆ?

ಉತ್ತರ 1:
ಎರಡೂ ಒಂದೇ ಹೂವಿನಲ್ಲಿದ್ದರೂ ಹೊರಗಿನ ಪರಾಗ ಬರುವುದು ತಪ್ಪುವುದಿಲ್ಲ. ಆಗಷ್ಟೇ ಅರಳಿದ ಮೆಣಸಿನ ಹೂವನ್ನು ಮೇಲ್ಮುಖ ಮಾಡಿ ನೋಡಿ. ಎಷ್ಟೋ ಹೂಗಳಲ್ಲಿ ಶಲಾಕೆಯ, ಅಂದರೆ ನಡುವಿನ ಹೆಣ್ಣು ಕಡ್ಡಿಯ, ಪರಾಗ ಹಿಡಿಯುವ ತುದಿ ನೀಲಿ ಛಾಯೆಯ ಪರಾಗಕೋಶಗಳನ್ನು (ಪರಾಗ ತುಂಬಿದ ಗಂಡು ಭಾಗ) ದಾಟಿ ಚೂರು ಹೊರಗೆ ಚಾಚಿರುತ್ತದೆ. ಪರಾಗಕೋಶ ಬಿರಿಯುವುದು ಸಾಮಾನ್ಯವಾಗಿ ಹೂ ಅರಳಿದ ಮೇಲೆ. ಅಷ್ಟರೊಳಗೆ ಜೇನ್ನೊಣ ಪಕ್ಕದ ಗಿಡದ ಪರಾಗ ಮೆತ್ತಿರಬಹುದು.

ಕಳೆದ ಬಾರಿ ಕಾಯಿ ಸಿಹಿಯಾಗಿದ್ದದ್ದೂ ಸರಿಯೇ. ಕಾಯಿಯ ಸಿಪ್ಪೆ, ಖಾರ ಹುಟ್ಟುವ ಒಳಗಿನ ಬಿಳಿ ಭಾಗ ಎಲ್ಲವೂ ತಾಯಿಗಿಡದ್ದು. ತಂದೆಯ ಗುಣ ಸೇರುವುದು ಬೀಜದೊಳಗೆ. ಖಾರ ಪ್ರಬಲ ಗುಣವಾದ್ದರಿಂದ ಆ ಬೀಜದ ಗಿಡ ಖಾರದ ಕಾಯಿ ಬಿಡುತ್ತದೆ. ಮುಸುಕಿನ ಜೋಳದ ಕಥೆಯೇ ಬೇರೆ: ಅಲ್ಲಿ ತಿನ್ನುವುದೇ ಬೀಜ, ಹಾಗಾಗಿ ಅದೇ ತೆನೆಯಲ್ಲಿ ಬೇರೆ ಬಣ್ಣದ ಕಾಳು ಕಾಣಿಸಿಕೊಳ್ಳುತ್ತವೆ.

ಉತ್ತರ 2:
ಚೀಲ ಕಟ್ಟುವುದೇ ಸುಲಭದ ದಾರಿ. ಮೊಗ್ಗು ತುಂಬಿದ ಒಂದು ಕೊಂಬೆ ಆರಿಸಿ, ಅದರಲ್ಲಿ ಆಗಲೇ ಅರಳಿದ ಹೂ, ಹಿಡಿದ ಕಾಯಿ ಎಲ್ಲ ಕಿತ್ತುಹಾಕಿ. ಈ ಹಂತ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ತೆಳು ಬಲೆಬಟ್ಟೆಯ ಚೀಲ ಹಾಕಿ, ಬಾಯಿ ಕಟ್ಟುವ ಕಡೆ ಕಾಂಡಕ್ಕೆ ಸ್ವಲ್ಪ ಹತ್ತಿ ಸುತ್ತಿ, ಇರುವೆ ನುಸುಳುವುದಿಲ್ಲ. ಒಳಗೆ ಗಾಳಿ ಕಡಿಮೆ, ಆದ್ದರಿಂದ ಪರಾಗ ಉದುರಲು ದಿನಾ ಬೆಳಿಗ್ಗೆ ಕೊಂಬೆಯನ್ನು ಬೆರಳಿನಿಂದ ನಾಲ್ಕೈದು ಸಲ ತಟ್ಟಿ. ಕಾಯಿ ಬಟಾಣಿ ಗಾತ್ರವಾದ ಮೇಲೆ ಚೀಲ ತೆಗೆದು, ತೊಟ್ಟಿಗೆ ಬಣ್ಣದ ದಾರ ಕಟ್ಟಿ. ಪೂರ್ತಿ ಹಣ್ಣಾದ ಮೇಲೆಯೇ ಬೀಜ ತೆಗೆಯಿರಿ.

ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಒಳಗೆ ಬೆವರಿ, ಬಿಸಿಯಾಗಿ ಮೊಗ್ಗು ಉದುರುತ್ತವೆ.

ಪ್ರಶ್ನೆ ಕೇಳಿದವರು:
ಟೊಮ್ಯಾಟೊಗೂ ಚೀಲ ಬೇಕೇ?

ಉತ್ತರ 1:
ಹೆಚ್ಚಿನ ತಳಿಗಳಿಗೆ ಬೇಡ. ಅದರ ಪರಾಗಕೋಶಗಳು ಒಂದಕ್ಕೊಂದು ಅಂಟಿ ಹಳದಿ ಕೊಳವೆಯಾಗಿರುತ್ತವೆ, ಪರಾಗ ಒಳಮುಖವಾಗಿ ಸುರಿಯುತ್ತದೆ, ಶಲಾಕೆಯ ತುದಿ ಆ ಕೊಳವೆಯೊಳಗೇ ಇರುತ್ತದೆ. ಆದರೆ ತುದಿ ಹೊರಗೆ ಇಣುಕುವ ಕೆಲವು ಹಳೆಯ ತಳಿ, ಸಣ್ಣ ಹಣ್ಣಿನ ತಳಿಗಳಿಗೆ ಕಟ್ಟಿ. ಬಿಸಿಲು 35 ಡಿಗ್ರಿ ದಾಟಿದಾಗ ಬೇರೆ ತಳಿಗಳಲ್ಲೂ ತುದಿ ಹೀಗೆ ಹೊರಚಾಚುವುದುಂಟು, ಜೊತೆಗೆ ಪರಾಗವೂ ಸತ್ವ ಕಳೆದುಕೊಳ್ಳುತ್ತದೆ. ಆಗ ಬಿಟ್ಟ ಹೂಗಳನ್ನು ಬೀಜಕ್ಕೆ ನಂಬಬೇಡಿ.