ಅಪ್‌ಡೇಟ್: ಉಳಿ ಮಸೆಯಲು ಸಪಾಟಾದ ಕಲ್ಲು ಸಿಕ್ಕಿತು

ಕೊಪ್ಪಳದ ನಮ್ಮ ಮನೆಯಲ್ಲಿ ಬಡಗಿ ಕೆಲಸದ ಸಣ್ಣ ಕೋಣೆ ಇದೆ. ಉಳಿ ಮಸೆಯಲು, ಕೀಸುಳಿಯ ತಳ ನೇರ ಮಾಡಲು ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಬೇಕು, ಅದನ್ನು ಹಾಸಲು ಯಾವ ಸಪಾಟು ಕಲ್ಲು ಒಳ್ಳೆಯದು ಅಂತ ಕೇಳಿದ್ದೆ. ಈಗ ಕಲ್ಲು ಬಂದಿದೆ, ಕೆಲಸವೂ ಶುರುವಾಗಿದೆ.

ಶಹಾಬಾದ್ ಕಲ್ಲು ಆಗಲಿಲ್ಲ. ಅದು ಪದರ ಪದರವಾಗಿ ಸೀಳುವ ಸುಣ್ಣಕಲ್ಲು, ಏರಿಳಿತ ಜಾಸ್ತಿ. ಗಾಜು ಸಪಾಟಾಗಿಯೇ ಇತ್ತು, ಆದರೆ ತೆಳುವಾದ್ದರಿಂದ ಒತ್ತಿ ಉಜ್ಜಿದರೆ ಬಾಗುತ್ತದೆ.

ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಉಳಿದ ದಪ್ಪ ತುಂಡು ಹುಡುಕಿ ಅಂದವರ ಮಾತೇ ಸರಿಯಾಯಿತು. ಕುಷ್ಟಗಿ ಕಡೆ ಸುಮಾರು ಎರಡು ಇಂಚು ದಪ್ಪದ್ದು ಅಗ್ಗಕ್ಕೆ ಸಿಕ್ಕಿತು. ಅವರಿಗೆ ತುಂಬಾ ಥ್ಯಾಂಕ್ಸ್.

ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ: ಕನ್ನಡಿಯಂತೆ ಹೊಳೆಯುವ ಕಲ್ಲೆಲ್ಲ ಸಪಾಟಾಗಿರಲ್ಲ. ನೇರವಾದ ಸ್ಟೀಲ್ ಪಟ್ಟಿಯನ್ನು ಅದರ ಅಂಚು ಕಲ್ಲಿಗೆ ತಾಗುವಂತೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟೆ. ಚಂದ ಹೊಳೆಯುತ್ತಿದ್ದ ತುಂಡಿನ ನಡುವೆ ಬೆಳಕಿನ ಸಣ್ಣ ಗೆರೆ ಕಂಡಿತು, ಅಂದರೆ ಅಲ್ಲಿ ತಗ್ಗು. ಇನ್ನೊಂದರಲ್ಲಿ ಅಂಚು ಇಳಿದಿತ್ತು. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಿ, 0.05 ಮಿಮೀ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಹಾಳೆ) ಪಟ್ಟಿಯ ಕೆಳಗೆ ಎಲ್ಲೂ ತೂರದ ತುಂಡನ್ನೇ ತಂದೆ. ಅಂಗಡಿಗೆ ಪಟ್ಟಿ, ಟಾರ್ಚ್ ಒಯ್ಯಿರಿ, ಸುಮ್ನೆ ಕಣ್ಣಂದಾಜಿಗೆ ತರಬೇಡಿ.

ಕಲ್ಲಿನ ಕೆಳಗೆ ಮೂರೇ ಕಡೆ ರಬ್ಬರ್ ತುಂಡು ಇಟ್ಟಿದ್ದೇನೆ. ಮೂರಾದರೆ ಟೇಬಲ್ ಸ್ವಲ್ಪ ಓರೆಯಿದ್ದರೂ ಕಲ್ಲು ಅಲುಗಲ್ಲ, ನಾಲ್ಕಾದರೆ ಒಂದು ಗಾಳಿಯಲ್ಲೇ ಇರುತ್ತೆ ಅಲ್ವಾ?

ಕಬ್ಬಿಣದ ಹಲಗೆ ಸಾಕು ಅಂದವರೂ ಇದ್ದರು. ಅದು ತುಕ್ಕು ಹಿಡಿಯುತ್ತದೆ, ಏಟು ಬಿದ್ದರೆ ಸುತ್ತ ಉಬ್ಬುತ್ತದೆ. ಗ್ರಾನೈಟ್ ಆದರೆ ಚಕ್ಕೆ ಹಾರಬಹುದು, ಉಬ್ಬಲ್ಲ. ನೀರು ಚಿಮುಕಿಸಿ ವಾಟರ್ ಪೇಪರ್ ಹಾಸಿದರೆ ಅಂಟು ಇಲ್ಲದೆಯೇ ಕೂರುತ್ತದೆ.