ಗೋಬರ್ ಗ್ಯಾಸಿನ ಜೀವಿಗಳ ಆಹಾರಕ್ಕೆ ‘ಲಘು ಪೋಷಕಾಂಶ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಭಾಲ್ಕಿ ಕಡೆ ಗೋಬರ್ ಗ್ಯಾಸ್ ಇಟ್ಟುಕೊಂಡವರಿಗೆ ಅಂತ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದ ಮುಂದಕ್ಕೆ ಹೋಗಲು ಬಿಡುತ್ತಿಲ್ಲ.

ವಿಷಯ ಇಷ್ಟು. ಗುಂಡಿಯಲ್ಲಿ ಮೀಥೇನ್, ಅಂದರೆ ಒಲೆಯಲ್ಲಿ ಉರಿಯುವ ಗ್ಯಾಸ್, ತಯಾರಿಸುವ ಜೀವಿಗಳಿಗೆ ಕೆಲವು ಧಾತುಗಳು ಬೇಕೇ ಬೇಕು, ಅದೂ ಚಿಟಿಕೆಗಿಂತ ಕಡಿಮೆ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್, ಮಾಲಿಬ್ಡಿನಂ ಇಲ್ಲವೇ ಟಂಗ್‌ಸ್ಟನ್, ಕೆಲವಕ್ಕೆ ಸೆಲೆನಿಯಂ. ನಿಕ್ಕಲ್ ಇವುಗಳಲ್ಲಿ ಬಲು ಮುಖ್ಯ. ಮೀಥೇನ್ ಹುಟ್ಟುವ ಕಟ್ಟಕಡೆಯ ಹಂತ ನಡೆಸುವ ಕಿಣ್ವದಲ್ಲಿ ಎಫ್430 ಅನ್ನುವ ಹಳದಿ ಅಣು ಇದೆ, ಅದರ ನಟ್ಟನಡುವೆ ಒಂದು ನಿಕ್ಕಲ್ ಪರಮಾಣು. ಕೋಬಾಲ್ಟ್ ಬಿ12 ವಿಟಮಿನ್ ಜಾತಿಯ ಅಣುಗಳಲ್ಲಿ ಇರುತ್ತದೆ.

ಹೆಂಡಿ ಹಾಕುವವರಿಗೆ ಈ ಚಿಂತೆ ಅಷ್ಟಾಗಿ ಇಲ್ಲ. ದನ ತಿಂದ ಮೇವು, ಮಣ್ಣಿನಿಂದ ಇವೆಲ್ಲ ಹೆಂಡಿಗೆ ಬಂದೇ ಬರುತ್ತವೆ. ಕಷ್ಟ ಬರೀ ಮುಸುರೆ ಹಾಕುವ ಹಾಸ್ಟೆಲ್, ಕಲ್ಯಾಣ ಮಂಟಪದವರಿಗೆ. ಅನ್ನ, ರೊಟ್ಟಿ, ಪಲ್ಯ ಬಿದ್ದಾಗ ಮೊದಮೊದಲು ಗ್ಯಾಸ್ ಜೋರಾಗಿಯೇ ಬರುತ್ತದೆ. ಗುಂಡಿಯಲ್ಲಿದ್ದ ಹಳೇ ಹೆಂಡಿಯ ಸತ್ವ ಹೊರಟುಹೋದ ಮೇಲೆ ಆಟ ಶುರು: ರಾಡಿ ಹುಳಿ ನಾರುತ್ತದೆ, ಒಲೆ ಹಚ್ಚಿದರೆ ಉರಿ ನಿಲ್ಲುವುದಿಲ್ಲ, ಯಾಕೆಂದರೆ ಮೊದಲ ಹಂತದ ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತಲೇ ಇರುತ್ತವೆ, ಅದನ್ನು ಮೀಥೇನ್ ಮಾಡಬೇಕಾದ ಜೀವಿಗಳು ಮಾತ್ರ ಸೊರಗಿರುತ್ತವೆ. ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 7ರ ಆಸುಪಾಸಿನಿಂದ ಕೆಳಗಿಳಿದರೆ ಅವು ಇನ್ನೂ ಸೊರಗುತ್ತವೆ. (ಒಮ್ಮೆಲೇ ಜಾಸ್ತಿ ತುಂಬಿದರೂ ಹುಳಿ ಬರುತ್ತದೆ, ಅದು ಬೇರೆ ಮಾತು.)

ಈಗ ಪದಕ್ಕೆ ಬರುತ್ತೇನೆ. ಬೆಳೆಗೆ ಚೂರೇ ಚೂರು ಬೇಕಾಗುವ ಪೋಷಕಾಂಶಕ್ಕೆ ಕೃಷಿ ಕನ್ನಡದಲ್ಲಿ ‘ಲಘು ಪೋಷಕಾಂಶ’ ಅನ್ನುವ ಹೆಸರು ಗಟ್ಟಿಯಾಗಿ ಕೂತಿದೆ. ತೊಗರಿ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಅವರ ತಲೆಯಲ್ಲಿ ಅದರ ಅರ್ಥ ಜಿಂಕ್, ಬೋರಾನ್. ಅಂಗಡಿಯ ಪೊಟ್ಟಣದಲ್ಲಿ ಸಿಗುವುದೂ ಅವೇ, ಜೊತೆಗೆ ಕಬ್ಬಿಣ, ಮ್ಯಾಂಗನೀಸ್, ತಾಮ್ರ. ನಿಕ್ಕಲ್, ಕೋಬಾಲ್ಟ್ ಸಾಮಾನ್ಯವಾಗಿ ಇರುವುದಿಲ್ಲ. ನಾನು ‘ಲಘು ಪೋಷಕಾಂಶ ಕಡಿಮೆಯಾದರೆ ಗ್ಯಾಸ್ ಕಡಿಮೆ’ ಅಂತ ಬರೆದರೆ ಯಾರಾದರೂ ಜಿಂಕ್ ಸಲ್ಫೇಟ್ ತಂದು ಗುಂಡಿಗೆ ಸುರಿಯುವುದು ಖಂಡಿತ. ಜಿಂಕ್, ತಾಮ್ರ ಮಿತಿ ಮೀರಿದರೆ ಈ ಜೀವಿಗಳಿಗೆ ವಿಷ. ಸಲ್ಫೇಟಿನದ್ದು ಇನ್ನೊಂದು ಕಥೆ. ಬೇರೆ ಪಂಗಡದ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫೈಡ್ ಮಾಡುತ್ತವೆ, ಆ ಸಲ್ಫೈಡ್ ಇದ್ದಬದ್ದ ನಿಕ್ಕಲ್, ಕೋಬಾಲ್ಟನ್ನೂ ಹಿಡಿದು ಕರಗದ ಹಾಗೆ ಮಾಡಿ ತಳಕ್ಕೆ ಕೂರಿಸುತ್ತದೆ.

‘ಸೂಕ್ಷ್ಮ ಪೋಷಕಾಂಶ’ ಅಂದರೂ ಅದೇ ಅಂಗಡಿಗೆ ಹೋಗುತ್ತಾರೆ. ಮೇಲಾಗಿ ‘ಸೂಕ್ಷ್ಮಜೀವಿಗಳ ಸೂಕ್ಷ್ಮ ಪೋಷಕಾಂಶ’ ಅಂತ ಓದಲೂ ಆಗುವುದಿಲ್ಲ. ‘ವಿರಳ ಧಾತು’ ನನಗೆ ಒಗ್ಗಲಿಲ್ಲ. ಕಬ್ಬಿಣ ವಿರಳವೇನಲ್ಲ, ಬೇಕಾಗುವುದು ಕಡಿಮೆ ಅಷ್ಟೇ, ಅಲ್ವಾ? ‘ಲೇಶ ಧಾತು’ ಅರ್ಥಕ್ಕೆ ಸರಿಹೋಗುತ್ತದೆ, ಆದರೆ ಹೊಲದಲ್ಲಿ ನಿಂತು ಯಾರೂ ‘ಲೇಶ’ ಅನ್ನುವುದಿಲ್ಲ.

ಸದ್ಯಕ್ಕೆ ಗುಂಪಿನ ಹೆಸರೇ ಬೇಡ, ನಿಕ್ಕಲ್, ಕೋಬಾಲ್ಟ್ ಅಂತ ನೇರವಾಗಿ ಬರೆದು ‘ಮುಸುರೆ ಜೊತೆ ಹೆಂಡಿ ಬೆರೆಸಿ ಹಾಕಿ’ ಅಂದುಬಿಡೋಣ ಅಂತಿದ್ದೇನೆ. ಆದರೆ ಪುಟದ ಮೇಲೊಂದು ತಲೆಬರಹ ಬೇಕಲ್ಲ, ಅಲ್ಲಿ ಏನು ಹಾಕಲಿ?

ಇನ್ನೊಂದು. ಮೀಥೇನ್ ತಯಾರಿಸುವ ಈ ಜೀವಿಗಳನ್ನು ‘ಮೀಥೇನ್ ಬ್ಯಾಕ್ಟೀರಿಯಾ’ ಅನ್ನುವ ರೂಢಿ ಇದೆ. 1977ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇವು ಬ್ಯಾಕ್ಟೀರಿಯಾ ಅಲ್ಲ, ಬೇರೆಯದೇ ಕವಲು ಅಂತ ತೋರಿಸಿದರು. ಆ ಕವಲಿಗೆ ಈಗ ಆರ್ಕಿಯಾ ಅನ್ನುತ್ತಾರೆ. ರೈತರ ಕೈಪಿಡಿಗೆ ‘ಮೀಥೇನ್ ಜೀವಿ’ ಸಾಕು ಅನ್ನಿಸುತ್ತದೆ. ತಕರಾರಿದ್ದರೆ ಹೇಳಿ.

ಹಾಗೇ ಔರಾದ, ಚಿತ್ತಾಪುರ, ಶಹಾಪುರ ಕಡೆಯವರು, ಗುಂಡಿ ಹೀಗೆ ಹುಳಿ ಬಂದು ಕೆಟ್ಟಾಗ ನಿಮ್ಮಲ್ಲಿ ಏನಂತಾರೆ ಅದನ್ನೂ ಬರೆಯಿರಿ.