ಚೀಲದ ಸೌದೆಗೆ ಬೆಲೆ ಕಟ್ಟುವುದು ಹೇಗೆ? ಮಾಡಿದವರು ಹೇಳಿ

ಮೂಡಿಗೆರೆಯಿಂದ ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಕಡಿಸಿದೆವು. ದಿಮ್ಮಿಗಳನ್ನು ಪ್ಲೈವುಡ್‌ನವರು ಒಯ್ದರು. ತುದಿ, ಕೊಂಬೆ ಎಲ್ಲ ಉಳಿದಿದೆ. ಕಿತ್ತ ಹಳೆ ಕಾಫಿ ಗಿಡದ ಬೊಡ್ಡೆಗಳೂ ಇವೆ. ಟನ್ ಲೆಕ್ಕದಲ್ಲಿ ಕೊಟ್ಟರೆ ಏನೂ ಗಿಟ್ಟುವುದಿಲ್ಲ. ಸೀಳಿ, 10 ಕೆಜಿ ಚೀಲ ಮಾಡಿ ಹೋಂಸ್ಟೇಗಳಿಗೆ ಕೊಡೋಣ ಅಂತಿದ್ದೇನೆ. ಚೀಲಕ್ಕೆ ಎಷ್ಟು ಇಡಬಹುದು?

ಸಕಲೇಶಪುರದ ಸೌದೆ ವ್ಯಾಪಾರಿ:
ಬೆಲೆ ಆಮೇಲೆ. ಮೊದಲು ಒಣಗಿದ ತೂಕ ಎಷ್ಟು ಅಂತ ತಿಳಿದುಕೊಳ್ಳಿ. ಹೊಸದಾಗಿ ಕಡಿದ ಮರದಲ್ಲಿ ಹೆಚ್ಚು ಕಡಿಮೆ ಅರ್ಧ ತೂಕ ನೀರೇ ಇರುತ್ತದೆ. ಅದು ಒಣಗಿ ಹೋಗುವ ನಷ್ಟವನ್ನು ಬೆಲೆಯಲ್ಲಿ ಹಿಡಿಯದಿದ್ದರೆ ಕೈಯಿಂದ ಹಾಕಿ ಮಾರಬೇಕಾಗುತ್ತದೆ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಅಂದಾಜು ಕೊಡುತ್ತೇನೆ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಒಂದು ಟನ್ ಹಸಿ ಸೌದೆ ₹3,000, ಕತ್ತರಿಸಿ ಸೀಳುವ ಕೂಲಿ ₹1,500, ಚೀಲ ಒಂದಕ್ಕೆ ₹12 ಅಂದುಕೊಳ್ಳಿ. ಹಸಿ ತೂಕದಲ್ಲೇ 100 ಚೀಲ ಅಂತ ಎಣಿಸಿದರೆ ಚೀಲಕ್ಕೆ ₹57 ಬೀಳುತ್ತದೆ. ಆದರೆ ಒಣಗಿದ ಮೇಲೆ 700 ಕೆಜಿ ಉಳಿದರೆ 70 ಚೀಲ ಮಾತ್ರ. ಆಗ ಅಸಲೇ ಸುಮಾರು ₹76. ಇದರಲ್ಲಿ ನಿಮ್ಮ ದುಡಿಮೆ, ಶೆಡ್ಡು, ಬಾಡಿಗೆ ಪಿಕಪ್, ಅಂಗಡಿಯವರ ಕಮಿಷನ್ ಯಾವುದೂ ಸೇರಿಲ್ಲ. ಅದಕ್ಕೇ ಸಾಗಾಣಿಕೆಯನ್ನು ಬೇರೆಯಾಗಿಯೇ ಹೇಳಿ. ಪೇಟೆ ಪಕ್ಕದ ಹೋಂಸ್ಟೇಗೂ ಘಾಟಿ ಮೇಲಿನದ್ದಕ್ಕೂ ಒಂದೇ ದರ ಇಟ್ಟರೆ ಡೀಸೆಲ್ಲೇ ಲಾಭ ತಿನ್ನುತ್ತದೆ.

ಇನ್ನೊಂದು ಮಾತು. ಕಾಫಿ ಬೊಡ್ಡೆಯನ್ನು ಸಿಲ್ವರ್ ಓಕ್ ಜೊತೆ ಬೆರೆಸಬೇಡಿ. ಕಾಫಿ ಸೌದೆ ಗಟ್ಟಿ, ನಿಧಾನ ಉರಿಯುತ್ತದೆ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ಅದಕ್ಕೆ ಜಾಸ್ತಿ ಬೆಲೆ ಕೇಳಿ, ಧೈರ್ಯವಾಗಿ ಕೇಳಿ. ಸಿಲ್ವರ್ ಓಕ್ ಬೇಗ ಹತ್ತಿ ಬೇಗ ಮುಗಿಯುತ್ತದೆ. ತೋಟದಲ್ಲಿ ನೆರಳಿಗೆ ಬೆಳೆಸುವ ಹಾಲವಾಣದ ಮರವನ್ನು ಮಾತ್ರ ಚೀಲಕ್ಕೆ ಹಾಕಲೇಬೇಡಿ. ಉರಿಗಿಂತ ಹೊಗೆಯೇ ಜಾಸ್ತಿ, ಗಿರಾಕಿ ತಿರುಗಿ ಬರುವುದಿಲ್ಲ.

ಚಿಕ್ಕಮಗಳೂರಿನಲ್ಲಿ ಹೋಂಸ್ಟೇ ನಡೆಸುವ ಅಕ್ಕ:
ತಮ್ಮಾ, ಕೊಳ್ಳುವವಳ ಮಾತನ್ನೂ ಕೇಳು. ನಮಗೆ ಹತ್ತು ರೂಪಾಯಿ ಹೆಚ್ಚು ಕಡಿಮೆ ಆಗುವುದು ದೊಡ್ಡದಲ್ಲ. ಬಂದವರು ಕ್ಯಾಂಪ್‌ಫೈರ್ ಮುಂದೆ ಕೂತಾಗ ಬರೀ ಹೊಗೆ ಬಂದರೆ ತಪ್ಪು ನಮ್ಮ ತಲೆಗೇ ಬರುತ್ತದೆ. ಹಸಿ ಸೌದೆಯ ಶಾಖವೆಲ್ಲ ಒಳಗಿನ ನೀರು ಆರಿಸುವುದಕ್ಕೇ ಹೋಗುತ್ತದೆ, ಮತ್ತೆ ಉರಿ ಎಲ್ಲಿಂದ ಬರಬೇಕು? ನಾನು ಎರಡು ತುಂಡು ತೆಗೆದು ಒಂದಕ್ಕೊಂದು ಬಡಿದು ನೋಡುತ್ತೇನೆ. ಟಣ್ ಅಂದರೆ ಒಣಗಿದೆ, ದೊಪ್ ಅಂದರೆ ಹಸಿ. ತುದಿಯಲ್ಲಿ ಬಿರುಕು ಬಿಟ್ಟಿದೆಯಾ ಅಂತಲೂ ನೋಡುತ್ತೇನೆ.

ಗೊಬ್ಬರದ ಪ್ಲಾಸ್ಟಿಕ್ ಚೀಲ ಬೇಡ. ಒಳಗೇ ಬೆವರಿ ಬೂಸ್ಟು ಹಿಡಿಯುತ್ತದೆ. ಈರುಳ್ಳಿ ತುಂಬುವಂಥ ಬಲೆ ಚೀಲ ಒಳ್ಳೆಯದು, ಗಾಳಿಯಾಡುತ್ತದೆ, ಒಳಗೇನಿದೆ ಅಂತಲೂ ಕಾಣುತ್ತದೆ. ಜೊತೆಗೆ ಹತ್ತಿಸಲು ಎರಡು ಹಿಡಿ ಪುಳ್ಳೆ, ನಾಲ್ಕು ತೆಂಗಿನ ಚಿಪ್ಪು ಹಾಕಿಕೊಟ್ಟರೆ ನಾನಂತೂ ಬೇರೆಯವರ ಹತ್ತಿರ ಹೋಗುವುದಿಲ್ಲ.

ಆಲ್ದೂರಿನ ಬೆಳೆಗಾರ:
ಕಾಗದಪತ್ರದ ವಿಷಯ ಯಾರೂ ಹೇಳಲಿಲ್ಲವಲ್ಲ. ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ, 1976ರಲ್ಲಿ ಸಿಲ್ವರ್ ಓಕ್ ಕಡಿಯುವುದಕ್ಕೆ ವಿನಾಯಿತಿ ಇದೆ. ತೋಟದ ಕಾಡುಮರಗಳಿಗೆ ಹಾಗಲ್ಲ. ಮರಗಸಿಯಲ್ಲಿ, ಅಂದರೆ ನೆರಳು ಕಡಿಮೆ ಮಾಡಲು ಕೊಂಬೆ ಕಡಿಸುವಾಗ, ಬಿದ್ದ ಮತ್ತಿ, ನಂದಿ, ಹೊನ್ನೆ ಕೊಂಬೆ ಚೀಲದಲ್ಲಿ ಸೇರಿದರೆ ದಾರಿಯಲ್ಲಿ ತಡೆದವರಿಗೆ ಉತ್ತರ ಹೇಳುವುದು ಕಷ್ಟ. ಸಾಗಿಸುವ ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಿಬಿಡಿ. ಬೇರೆ ತೋಟದಿಂದ ತಂದದ್ದಾದರೆ ಮಾಲೀಕರಿಂದ ಒಂದು ಚೀಟಿ ಬರೆಸಿಕೊಳ್ಳಿ. ಸೌದೆಗೆ ಜಿಎಸ್‌ಟಿ ಇಲ್ಲ. ತೂಕ ಮಾಡಿ ಮಾರುವುದರಿಂದ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ (ತೂಕ ಮತ್ತು ಅಳತೆ) ಇಲಾಖೆಯ ಸೀಲು ಇರಲಿ.

ಬೇಸಿಗೆಯಲ್ಲಿ ಗುಡ್ಡ ಹತ್ತುವವರು ಬಂದು ಚೀಲ ಕೇಳಿದರೆ ದಯವಿಟ್ಟು ಕೊಡಬೇಡಿ. ಶೋಲಾ (ಗುಡ್ಡದ ಕಣಿವೆಯ ಕಾಡು) ಪಕ್ಕದ ಹುಲ್ಲುಗಾವಲು ಆಗ ಕಿಡಿ ತಾಗಿದರೆ ಸಾಕು, ಗುಡ್ಡಕ್ಕೆ ಗುಡ್ಡವೇ ಉರಿಯುತ್ತದೆ. ನಾಲ್ಕು ಚೀಲದ ದುಡ್ಡಿಗಾಗಿ ಅದು ಬೇಡ.

ಸಕಲೇಶಪುರದ ವ್ಯಾಪಾರಿ ಮತ್ತೆ:
ಒಣಗಿಸುವುದು ಹೇಳಲು ಬಿಟ್ಟಿದ್ದೆ. ಕಾಫಿ ಕುಯ್ಲಿನ ಸಮಯದಲ್ಲಿ ಸೀಳಲು ಆಳು ಸಿಗುವುದಿಲ್ಲ. ರೊಬಸ್ಟಾ ಕಾಫಿಯ ಕುಯ್ಲು ಮುಗಿದ ಕೂಡಲೇ ಸೀಳಿಸಿ. ಏಪ್ರಿಲ್, ಮೇ ಬಿಸಿಲನ್ನು ಬಿಡಬೇಡಿ. ಕಲ್ಲಿನ ಮೇಲೆ ಅಡಿಕೆ ದಬ್ಬೆ ಹಾಕಿ ಅದರ ಮೇಲೆ ಒಟ್ಟಿ, ನೆಲಕ್ಕೆ ತಾಗಿದರೆ ಗೆದ್ದಲು ಬರುತ್ತದೆ. ಮೇಲೆ ಮಾತ್ರ ಶೀಟು, ಸುತ್ತ ತೆರೆದಿರಲಿ. ಟಾರ್ಪಾಲು ಸುತ್ತಿ ಕಟ್ಟಿದರೆ ಒಳಗೇ ಕೊಳೆಯುತ್ತದೆ. ಜೂನ್ ಮಳೆ ಹಿಡಿಯುವ ಮೊದಲು ಶೆಡ್ಡಿಗೆ ಸೇರಿಸಿ. ಮಳೆಗಾಲದಲ್ಲಿ ತೂಕ ಮತ್ತೆ ಸ್ವಲ್ಪ ಏರುತ್ತದೆ, ಅದಕ್ಕೆ ಚೀಲವನ್ನು ಅಕ್ಟೋಬರ್‌ನಲ್ಲಿ ತುಂಬಿ. ದಸರಾ ರಜೆಯಿಂದ ಹೊಸ ವರ್ಷದವರೆಗೆ ಬೇಡಿಕೆ ಜೋರು. ಈ ವರ್ಷದ ಸೌದೆ ಇನ್ನೂ ಹಸಿಯಾಗಿದ್ದರೆ ಟನ್ ಲೆಕ್ಕದಲ್ಲಿ ಸ್ವಲ್ಪ ಕೊಟ್ಟು ಖರ್ಚು ತೆಗೆದುಕೊಳ್ಳಿ. ಚೀಲದ ಮಾಲು ಮುಂದಿನ ಸೀಸನ್ನಿಗೆ ಇರಲಿ.